ಹೆಸರು ಕೇಳಿದ ಗೆಳೆಯ

ಕುಂದಾಣದ ನಮ್ಮ ಮನೆಯ ಹಿಂದೆ ಒಂದು ಹುಳುಮನೆ ಇದೆ. ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಬಹಳ ವರ್ಷವಾಯಿತು. ಚಂದ್ರಿಕೆಗಳಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿಗಳಿವೆ. ತಿಂಗಳಿಗೊಂದು ಶನಿವಾರ ಸಂಜೆ ಎಂಟು ಹತ್ತು ಮಂದಿ ಸೇರುತ್ತೇವೆ. ಹೆಚ್ಚಿನವರು ದೇವನಹಳ್ಳಿಗೋ ದೊಡ್ಡಬಳ್ಳಾಪುರಕ್ಕೋ ಡಿಗ್ರಿ ಓದಲು ಹೋಗುವ ಹುಡುಗರು, ಹುಡುಗಿಯರು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರಿನಲ್ಲಿ ಒಂದು ಸಿನಿಮಾ ನೋಡಿ, ಕರೆಂಟು ಇದ್ದಷ್ಟು ಹೊತ್ತು ಮಾತಾಡುತ್ತೇವೆ. ಈಚೆಗೆ ಎರಡು ಕಂತಿನಲ್ಲಿ ನೋಡಿದ್ದು ವಿಲಿಯಂ ವೈಲರ್ ನಿರ್ದೇಶಿಸಿದ 1959ರ 'ಬೆನ್ ಹರ್'. ಅದರ ಉದ್ದ 212 ನಿಮಿಷ. ಒಂದೇ ಕೂತದಲ್ಲಿ ನೋಡಲು ನಮ್ಮ ಇನ್ವರ್ಟರ್ ಒಪ್ಪುವುದಿಲ್ಲ.

ರಥಗಳ ಓಟದ ಬಗ್ಗೆ ಮಾತು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಮೊದಲ ಕಂತು ಮುಗಿದು ದೀಪ ಹಾಕಿದಾಗ ಒಬ್ಬ ಹುಡುಗ ಕೇಳಿದ: "ಸಾರ್, ಅವ್ನು ಆ ಹೆಸರುಗಳನ್ನ ಹೇಳ್ಬಿಟ್ಟಿದ್ರೆ ಏನಾಗ್ತಿತ್ತು? ಕೇಳಿದ್ದು ಫ್ರೆಂಡೇ ಅಲ್ವಾ?"

ಆ ಪ್ರಶ್ನೆಗೆ ಅಲ್ಲಿ ನನ್ನಿಂದ ಸರಿಯಾದ ಉತ್ತರ ಹೊರಡಲಿಲ್ಲ. ಯಾಕೆ ಹೊರಡಲಿಲ್ಲ ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಸಿನಿಮಾದ ಮಾತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ರೋಮನ್ನರ ಆಳ್ವಿಕೆಯಲ್ಲಿರುವ ಜೆರೂಸಲೇಮಿನಲ್ಲಿ ಜೂಡಾ ಬೆನ್ ಹರ್ ಒಬ್ಬ ಶ್ರೀಮಂತ ಯಹೂದಿ ಮನೆತನದ ಮಗ. ಅವನ ಬಾಲ್ಯದ ಗೆಳೆಯ ಮೆಸ್ಸಾಲ ರೋಮನ್. ಎಷ್ಟೋ ವರ್ಷಗಳ ಮೇಲೆ ಮೆಸ್ಸಾಲ ಆ ಊರಿನ ಸೇನಾ ಪಡೆಯ ಅಧಿಕಾರಿಯಾಗಿ ಮರಳುತ್ತಾನೆ. ಕೋಟೆಯ ಉದ್ದನೆಯ ಕೋಣೆಯಲ್ಲಿ ಒಂದು ತುದಿಯಲ್ಲಿ ಇವನು, ಇನ್ನೊಂದು ತುದಿಯ ಬಾಗಿಲಲ್ಲಿ ಅವನು. ಚಿತ್ರದ ಚೌಕಟ್ಟು ಅಸಾಧ್ಯ ಅಗಲ. ಎತ್ತರಕ್ಕಿಂತ ಅಗಲ ಎರಡೂಮುಕ್ಕಾಲು ಪಟ್ಟು. ನಮ್ಮ ಪಂಚೆಯ ಮೇಲೂ ಕೆಳಗೂ ಅರ್ಧಕ್ಕರ್ಧ ಕಪ್ಪು ಪಟ್ಟಿ ಉಳಿದಿತ್ತು. ಆ ಅಗಲವನ್ನು ವೈಲರ್ ದಂಡು ದರಬಾರಿಗೆ ಮಾತ್ರ ಬಳಸಿದವರಲ್ಲ. ಇಬ್ಬರು ಗೆಳೆಯರ ನಡುವೆ ಎಷ್ಟು ನೆಲ ಖಾಲಿ ಬಿದ್ದಿದೆ ಎಂದು ತೋರಿಸಲು ಮೊದಲು ಬಳಸಿದ್ದಾರೆ. ಆಮೇಲೆ ಆ ನೆಲವನ್ನು ಇಬ್ಬರೂ ನಡೆದು ದಾಟಿ ತಬ್ಬಿಕೊಳ್ಳುತ್ತಾರೆ. ಹುಡುಗರಾಗಿದ್ದಾಗಿನ ಹಾಗೆ ಭರ್ಜಿ ಎಸೆಯುತ್ತಾರೆ. ಮೇಲೆ ಎರಡು ತೊಲೆ ಕೂಡುವ ಜಾಗಕ್ಕೆ ಎರಡೂ ಭರ್ಜಿ ಹೋಗಿ ಒಂದರ ಪಕ್ಕ ಒಂದು ನಾಟುತ್ತವೆ. ತೋಳಿಗೆ ತೋಳು ಹೆಣೆದು ಕುಡಿಯುತ್ತಾರೆ. ಹಿಂದೊಮ್ಮೆ ಜೂಡಾ ಇವನ ಪ್ರಾಣ ಉಳಿಸಿದ್ದನ್ನು ನೆನೆಯುತ್ತಾರೆ.

ಮರುಭೇಟಿ ಜೂಡಾನ ಮನೆಯಲ್ಲಿ. ಮೆಸ್ಸಾಲ ಗೆಳೆಯನ ತಂಗಿಗೆ ಒಂದು ಒಡವೆ ತಂದಿದ್ದಾನೆ. ಜೂಡಾ ಅವನಿಗೆ ಒಂದು ಬಿಳಿ ಕುದುರೆ ಕೊಡುತ್ತಾನೆ. ಅದರ ಬೆನ್ನಿಗೇ ಮಾತು ಬರುತ್ತದೆ. ನಿನ್ನ ಜನರ ಹತ್ತಿರ ಮಾತಾಡಿದೆಯಾ ಎಂದು ಮೆಸ್ಸಾಲ ಕೇಳುತ್ತಾನೆ. ಮಾತಾಡಿದೆ, ಹಿಂಸೆ ಬೇಡ ಎಂದೆ, ಬಹಳ ಮಂದಿ ಒಪ್ಪಿದರು ಎನ್ನುತ್ತಾನೆ ಜೂಡಾ. ಹಾಗಾದರೆ ಒಪ್ಪದವರು ಯಾರು? ಅವರ ಹೆಸರು?

ಇಲ್ಲಿ ನಿಲ್ಲಬೇಕು. ನನ್ನ ಮಟ್ಟಿಗೆ ಇಡೀ ಮೂರೂವರೆ ಗಂಟೆಯ ಚಿತ್ರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಲೂ ವಾಲೇಸ್ 1880ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಇದು ಇಲ್ಲ. ಅಲ್ಲಿ ಮೆಸ್ಸಾಲ ರೋಮಿನಿಂದ ಸೊಕ್ಕು ಕಲಿತು ಬಂದ ಹುಡುಗ. ಯಹೂದಿಗಳನ್ನು ಆಡಿಕೊಳ್ಳುತ್ತಾನೆ, ಜೂಡಾ ನೊಂದು ಎದ್ದು ಹೋಗುತ್ತಾನೆ. ಅದು ಅವಮಾನದ ಕಥೆ. ಗೆಳೆಯನ ಹತ್ತಿರ ಹೆಸರು ಕೇಳುವ ಮೆಸ್ಸಾಲನನ್ನು ಸೃಷ್ಟಿಸಿದ್ದು 1959ರ ಚಿತ್ರಕಥೆ.

ಅದಕ್ಕೆ ಆ ಕಾಲವನ್ನು ನೋಡಬೇಕು. 1947ರಿಂದ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್ಡಿನ ಬರಹಗಾರರನ್ನು, ನಿರ್ದೇಶಕರನ್ನು ಕರೆಸಿ ಕೂರಿಸಿ ಇದನ್ನೇ ಕೇಳುತ್ತಿತ್ತು: ನಿನ್ನ ಜೊತೆ ಕಮ್ಯುನಿಸ್ಟ್ ಸಭೆಗಳಲ್ಲಿ ಯಾರ್ಯಾರು ಇದ್ದರು, ಹೆಸರು ಹೇಳು. ಹೇಳದ ಹತ್ತು ಮಂದಿ ಜೈಲಿಗೆ ಹೋದರು. ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 1952ರಲ್ಲಿ ಎಲಿಯಾ ಕಜಾನ್ ಎಂಬ ದೊಡ್ಡ ನಿರ್ದೇಶಕ ತನ್ನ ಹಳೆಯ ಒಡನಾಡಿಗಳ ಹೆಸರು ಕೊಟ್ಟ. 1956ರಲ್ಲಿ ಅವನ ಗೆಳೆಯನೇ ಆಗಿದ್ದ ನಾಟಕಕಾರ ಆರ್ಥರ್ ಮಿಲ್ಲರ್ ಹೆಸರು ಕೊಡಲು ಒಪ್ಪಲಿಲ್ಲ. ಈ ವಿಚಾರಣೆಗಳು ಶುರುವಾದಾಗಲೇ ಅದನ್ನು ವಿರೋಧಿಸಲು ಹಾಲಿವುಡ್ಡಿನಲ್ಲಿ ಕಟ್ಟಿದ ಸಮಿತಿಯ ಸ್ಥಾಪಕರಲ್ಲಿ ವೈಲರ್ ಒಬ್ಬರು. ಅವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ದೃಶ್ಯ ತೆಗೆದರು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ 1959ರಲ್ಲಿ ಕೊಟ್ಟಗೆಯ ಪಕ್ಕ ನಿಂತು ಒಬ್ಬ ಗೆಳೆಯ ಇನ್ನೊಬ್ಬನನ್ನು 'ಅವರು ಯಾರು?' ಎಂದು ಕೇಳಿದಾಗ ಅಮೆರಿಕದ ಯಾವ ಪ್ರೇಕ್ಷಕನ ಕಿವಿಯೂ ನೆಟ್ಟಗಾಗದೆ ಇರಲಾರದು.

ಆ ದೃಶ್ಯದ ಬಲ ಇನ್ನೊಂದು ಕಡೆ ಇದೆ. ಮೆಸ್ಸಾಲನ ಪಾತ್ರಧಾರಿ ಸ್ಟೀಫನ್ ಬಾಯ್ಡ್ ಕೇಳುವುದು ಪೊಲೀಸಿನವನ ಹಾಗಲ್ಲ, ಬೇಡಿಕೊಳ್ಳುವವನ ಹಾಗೆ. ನೀನು ನನಗೆ ಸಹಾಯ ಮಾಡಬೇಕು, ಚಕ್ರವರ್ತಿಯ ಕಣ್ಣು ಈಗ ಪೂರ್ವದ ಕಡೆ ಇದೆ, ನಾವಿಬ್ಬರೂ ಮೇಲೇರಬಹುದು ಎನ್ನುತ್ತಾನೆ. ಅವನ ಕಣ್ಣಲ್ಲಿ ನಿಜವಾದ ಆಸೆ ಇದೆ. ಚಿತ್ರಕಥೆಯ ಕೆಲಸದಲ್ಲಿ ಪಾಲಿದ್ದ ಲೇಖಕ ಗೋರ್ ವಿಡಾಲ್ ಬಹಳ ವರ್ಷಗಳ ಮೇಲೆ ಒಂದು ಕಥೆ ಹೇಳಿದರು: ಇವರಿಬ್ಬರೂ ಹರೆಯದಲ್ಲಿ ಪ್ರೇಮಿಗಳಾಗಿದ್ದರು, ಮೆಸ್ಸಾಲ ಆ ಪ್ರೇಮವನ್ನು ಮತ್ತೆ ಬಯಸಿ ಬಂದಿದ್ದಾನೆ ಎಂದುಕೊಂಡು ಅಭಿನಯಿಸು ಎಂದು ಬಾಯ್ಡ್‌ಗೆ ಹೇಳಿದ್ದರಂತೆ, ಜೂಡಾ ಆಗಿದ್ದ ಚಾರ್ಲ್ಟನ್ ಹೆಸ್ಟನ್‌ಗೆ ಹೇಳಿರಲಿಲ್ಲವಂತೆ. ಹೆಸ್ಟನ್ ಇದನ್ನು ಖಂಡಿಸಿದರು. ನಿಜವೋ ಕಟ್ಟುಕಥೆಯೋ, ಪರದೆಯ ಮೇಲೆ ಕಾಣುವುದು ಮಾತ್ರ ಇಷ್ಟು: ಇಬ್ಬರಲ್ಲಿ ಒಬ್ಬ ಹೆಚ್ಚು ಬೇಕೆಂದು ಬಂದಿದ್ದಾನೆ, ಇನ್ನೊಬ್ಬನಿಗೆ ಅದರ ಅಳತೆ ತಿಳಿದಿಲ್ಲ. ಗೆಳೆತನಗಳಲ್ಲಿ ಇದು ಅಪರೂಪವೇನಲ್ಲ. ಹೆಸ್ಟನ್ ಒಳ್ಳೆಯ ನಟ ಎಂದು ನಾನು ಎಂದೂ ಒಪ್ಪಿದವನಲ್ಲ, ದವಡೆ ಬಿಗಿಹಿಡಿಯುವುದೇ ಅವರ ಅಭಿನಯದ ಅರ್ಧ. ಈ ದೃಶ್ಯದಲ್ಲಿ ಅವರ ಮರಗಟ್ಟುತನವೇ ಕೆಲಸಕ್ಕೆ ಬಂದಿದೆ.

ಆದ್ದರಿಂದ 'ದ್ರೋಹ ಮಾಡಿದ್ದು ಯಾರು?' ಎಂದು ಮೆಸ್ಸಾಲನನ್ನು ಕೇಳಿದರೆ ಅವನು ಜೂಡಾನ ಕಡೆ ಬೆರಳು ತೋರಿಸುತ್ತಾನೆ. ನನ್ನ ಜೊತೆಗಿರು ಅಥವಾ ನನಗೆ ಎದುರಾಗು ಎಂದು ಅವನು ಹೇಳುತ್ತಾನೆ. ಹಾಗಾದರೆ ಎದುರು ಎನ್ನುತ್ತಾನೆ ಜೂಡಾ, ಒಬ್ಬನೇ ಮನೆಯೊಳಕ್ಕೆ ಹೋಗುತ್ತಾನೆ. ಮುಂದೆ ಹೊಸ ರಾಜ್ಯಪಾಲನ ಮೆರವಣಿಗೆ. ಮಾಳಿಗೆಯ ಮೇಲೆ ಬಗ್ಗಿ ನೋಡುತ್ತಿದ್ದ ತಂಗಿಯ ಕೈತಾಗಿ ಹೆಂಚು ಜಾರಿ ಬೀಳುತ್ತದೆ, ರಾಜ್ಯಪಾಲನಿಗೆ ಪೆಟ್ಟಾಗುತ್ತದೆ. ಮೆಸ್ಸಾಲ ಮಾಳಿಗೆ ಹತ್ತಿ ಹೆಂಚುಗಳನ್ನು ಮುಟ್ಟಿ ನೋಡುತ್ತಾನೆ. ಸಡಿಲವಾಗಿವೆ, ಇದು ಆಕಸ್ಮಿಕ ಎಂದು ಅವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಜೂಡಾನನ್ನು ಹಡಗಿನ ಹುಟ್ಟು ಹಾಕುವ ಗುಲಾಮಗಿರಿಗೆ, ತಾಯಿ ತಂಗಿಯರನ್ನು ಸೆರೆಮನೆಗೆ ಕಳಿಸುತ್ತಾನೆ. ಜೂಡಾ ಬೇಡಿಕೊಂಡಾಗ ಅವನು ಕೇಳುವ ಮಾತು ಎದೆಗೆ ತಾಗುತ್ತದೆ: ನಾನು ನಿನ್ನನ್ನು ಬೇಡಿಕೊಳ್ಳಲಿಲ್ಲವೇ? ಹಳೆಯ ಗೆಳೆಯನನ್ನೇ ಬಿಡಲಿಲ್ಲ ಎಂದರೆ ಜನ ತನಗೆ ಹೆದರುತ್ತಾರೆ ಎಂಬ ಲೆಕ್ಕವನ್ನೂ ಅವನು ಮುಚ್ಚಿಡುವುದಿಲ್ಲ. ಜೂಡಾ ಒಂದು ಭರ್ಜಿ ಕಸಿದುಕೊಂಡು ಅವನ ಮೇಲೆ ಗುರಿಯಿಟ್ಟು, ಕೊನೆಗೆ ಗೋಡೆಗೆ ಎಸೆಯುತ್ತಾನೆ. ಮೊದಲ ದಿನದ ಭರ್ಜಿಯನ್ನು ನೆನೆಯಿರಿ ಎಂದು ನಿರ್ದೇಶಕರು ಎಲ್ಲೂ ಒತ್ತಿ ಹೇಳುವುದಿಲ್ಲ.

ಇಲ್ಲಿಂದ ಮುಂದೆ ಚಿತ್ರ ಹೆಸರುಗಳ ಕಥೆಯಾಗುತ್ತದೆ. ಎರಡನೆಯ ಸಲ ನೋಡುವಾಗ ನನಗೆ ಹೊಳೆದದ್ದು ಇದು. ಬೇರೆಯವರ ಹೆಸರು ಕೊಡಲು ಒಪ್ಪದವನಿಗೆ ತನ್ನ ಹೆಸರೇ ಹೋಗುತ್ತದೆ. ಹಡಗಿನ ತಳದಲ್ಲಿ ಅವನು 41 ಎಂಬ ಸಂಖ್ಯೆ ಮಾತ್ರ. ಅಲ್ಲಿ ಆರಿಯಸ್ ಎಂಬ ರೋಮನ್ ಸೇನಾಪತಿ ಯುದ್ಧಕ್ಕೆ ಮುಂಚೆ 41ರ ಕಾಲಿಗೆ ಸರಪಳಿ ಹಾಕಬೇಡಿ ಎನ್ನುತ್ತಾನೆ. ಆ ಒಂದು ಕಾರಣಕ್ಕೆ ಜೂಡಾ ಬದುಕುತ್ತಾನೆ, ಆರಿಯಸ್‌ನನ್ನೂ ಬದುಕಿಸುತ್ತಾನೆ. ಆರಿಯಸ್ ಅವನನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೇ ಕೊಡುತ್ತಾನೆ. ಆ ರೋಮನ್ ಹೆಸರಿನ ಮುದ್ರೆಯುಂಗುರ ತೊಟ್ಟುಕೊಂಡು ಜೂಡಾ ಮೆಸ್ಸಾಲನೆದುರು ಬಂದು ನಿಂತಾಗ ಅವನು ದಂಗಾಗುತ್ತಾನೆ. ಈ ಮಾಯೆ ಮಾಡಿದವನು ನೀನೇ ಎಂಬ ಅರ್ಥದ ಉತ್ತರ ಕೊಡುತ್ತಾನೆ ಜೂಡಾ. ಚಿತ್ರದ ಕೊನೆಯ ಭಾಗದಲ್ಲಿ ಆ ಹೆಸರನ್ನೂ ರೋಮಿನ ಪೌರತ್ವವನ್ನೂ ಹಿಂದಿರುಗಿಸಿಬಿಡುತ್ತಾನೆ. ಇವೆಲ್ಲದರ ನಡುವೆ ಸಂಕೋಲೆ ಹಾಕಿಕೊಂಡು ನಜರೇತಿನ ದಾರಿಯಲ್ಲಿ ಬಿದ್ದಿದ್ದಾಗ ಅವನಿಗೆ ನೀರು ಕುಡಿಸಿದ ಒಬ್ಬನಿದ್ದಾನೆ. ನಾವು ಅವನ ಮುಖ ನೋಡುವುದಿಲ್ಲ. ನೀರು ಕೊಡುವವನು ನೀನು ಯಾರು, ನಿನ್ನ ಹೆಸರೇನು ಎಂದು ಕೇಳುವುದಿಲ್ಲ. ಕ್ರಿಸ್ತನ ಕಥೆಯನ್ನು ಈ ಚಿತ್ರ ಬಹಳ ಕಡೆ ಕ್ಯಾಲೆಂಡರ್ ಚಿತ್ರದ ಮಟ್ಟಕ್ಕೆ ಇಳಿಸಿದೆ. ಆದರೆ ಆ ಒಂದು ಸೋರೆಬುರುಡೆ ನೀರಿನ ದೃಶ್ಯದಲ್ಲಿ ಮೆಸ್ಸಾಲನ ಪ್ರಶ್ನೆಗೆ ಎದುರಾಗಿ ನಿಲ್ಲಬಲ್ಲ ಏನೋ ಇದೆ.

ರಥದ ಓಟದ ಬಗ್ಗೆ ಹೆಚ್ಚು ಹೇಳಲಾರೆ, ಎಲ್ಲರೂ ಹೇಳಿದ್ದಾರೆ. ಸುಮಾರು ಒಂಬತ್ತು ನಿಮಿಷ, ಹಿನ್ನೆಲೆ ಸಂಗೀತವೇ ಇಲ್ಲ, ಗೊರಸಿನ ಸದ್ದು, ಚಕ್ರದ ಸದ್ದು. ಅದನ್ನು ಸೆರೆಹಿಡಿದದ್ದು ಆಂಡ್ರ್ಯೂ ಮಾರ್ಟನ್ ಮತ್ತು ಯಾಕಿಮಾ ಕನಟ್ ಎಂಬವರ ತಂಡ. ಹನ್ನೆರಡು ಆಸ್ಕರ್ ನಾಮನಿರ್ದೇಶನಗಳಲ್ಲಿ ಹನ್ನೊಂದು ಗೆದ್ದ ಈ ಚಿತ್ರ ಸೋತದ್ದು ಚಿತ್ರಕಥೆಯ ವಿಭಾಗದಲ್ಲಿ ಮಾತ್ರ ಎನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಯಾಕೆಂದರೆ ಉಳಿದದ್ದೆಲ್ಲ ಹಳತಾದರೂ ಆ ಎರಡು ಭೇಟಿಗಳ ಬರವಣಿಗೆ ಹಳತಾಗಿಲ್ಲ.

ಓಟದ ನಂತರದ ದೃಶ್ಯ ಮಾತ್ರ ಬಿಡುವಂತಿಲ್ಲ. ಕುದುರೆಗಳ ಕಾಲಿಗೆ ಸಿಕ್ಕು ಜಜ್ಜಿಹೋದ ಮೆಸ್ಸಾಲನ ಕಾಲು ಕತ್ತರಿಸಲು ವೈದ್ಯರು ಕಾದಿದ್ದಾರೆ. ಜೂಡಾ ಬರುವವರೆಗೂ ಅವನು ಬಿಡುವುದಿಲ್ಲ. ಅರ್ಧ ಮನುಷ್ಯನಾಗಿ ಅವನ ಕಣ್ಣಿಗೆ ಬೀಳಲಾರೆ ಎಂಬ ಹಟ. ಜೂಡಾ ಬಂದಾಗ, ನಿನ್ನ ತಾಯಿ ತಂಗಿ ಸತ್ತಿಲ್ಲ, ಕುಷ್ಠರೋಗಿಗಳ ಕಣಿವೆಯಲ್ಲಿದ್ದಾರೆ, ಗುರುತು ಸಿಕ್ಕರೆ ಹುಡುಕಿಕೋ ಎನ್ನುತ್ತಾನೆ. ಓಟ ಇನ್ನೂ ಮುಗಿದಿಲ್ಲ ಎನ್ನುತ್ತಾ ಅವನ ಅಂಗಿ ಹಿಡಿದುಕೊಂಡೇ ಸಾಯುತ್ತಾನೆ. ಇದನ್ನು ಎಲ್ಲರೂ ದ್ವೇಷ ಎಂದು ಓದುತ್ತಾರೆ. ಹಿಡಿದ ಅಂಗಿಯನ್ನು ಬಿಡದ ಆ ಕೈಯನ್ನು ನಾನು ದ್ವೇಷ ಅಂತಷ್ಟೇ ಓದಲಾರೆ. ಕೊನೆಗಾಲದಲ್ಲಿ ಅವನಿಗೆ ಬೇಕಾದದ್ದು ರೋಮಿನ ಯಾವ ಗೆಳೆಯನೂ ಅಲ್ಲ.

ನನ್ನ ತಕರಾರು ಇರುವುದು ಇದಾದ ಮೇಲಿನ ಭಾಗದ ಬಗ್ಗೆ. ರೋಮಿನ ಪ್ರತಿನಿಧಿಯ ಎದುರು ನಿಂತ ಜೂಡಾ, ಈ ಕೆಲಸ ಮೆಸ್ಸಾಲನದ್ದಲ್ಲ, ರೋಮ್ ಅವನನ್ನೂ ಹಾಳುಮಾಡಿತು ಎನ್ನುತ್ತಾನೆ. ಮಾತು ದೊಡ್ಡದು, ಉದಾರವಾದದ್ದು, ತಕ್ಕಮಟ್ಟಿಗೆ ನಿಜವೂ ಹೌದು. ಆದರೆ ಮಾಳಿಗೆಯ ಮೇಲೆ ಒಬ್ಬನೇ ನಿಂತು ಸಡಿಲವಾದ ಹೆಂಚನ್ನು ಬೆರಳಿನಿಂದ ಮುಟ್ಟಿದವನು ರೋಮ್ ಅಲ್ಲ, ಮೆಸ್ಸಾಲ. ಆ ಕ್ಷಣದಲ್ಲಿ ಅವನ ಹಿಂದೆ ಚಕ್ರವರ್ತಿ ನಿಂತಿರಲಿಲ್ಲ. ಅಷ್ಟು ಚೆನ್ನಾಗಿ ಆ ಗಳಿಗೆಯನ್ನು ತೋರಿಸಿದ ಚಿತ್ರ ಆಮೇಲೆ ತಾನೇ ಅದನ್ನು ಮರೆತು, ತಪ್ಪನ್ನು ಸಾಮ್ರಾಜ್ಯದ ತಲೆಗೆ ಕಟ್ಟಿ, ಉಳಿದದ್ದನ್ನು ಪವಾಡಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಮಳೆ ಬರುತ್ತದೆ, ರೋಗ ವಾಸಿಯಾಗುತ್ತದೆ. ಗೆಳೆತನ ಏನಾಯಿತು ಎಂದು ಕೇಳುವವರಿಲ್ಲ.

ನಮ್ಮ ಸಾಹಿತ್ಯ ಈ ವಿಷಯವನ್ನು ಹೇಗೆ ನೋಡಿದೆ ಎಂದು ಹುಡುಗಿಯೊಬ್ಬಳು ಕೇಳಿದಳು. ಅವಳೇ ಉತ್ತರವನ್ನೂ ಕೊಟ್ಟಳು: ಕರ್ಣ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಕೃಷ್ಣ ಕರ್ಣನ ಹತ್ತಿರ ಬರುವುದೂ ಒಂದು ಹೆಸರು ಹಿಡಿದುಕೊಂಡೇ. ನೀನು ಕುಂತಿಯ ಮಗ ಎನ್ನುತ್ತಾನೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಕರ್ಣನಿಗೆ ಸುಲಭವಾಗುತ್ತಿತ್ತು. ಹುಟ್ಟಿನ ನಿಜವನ್ನೇ ಗೆಳೆತನ ಮುರಿಯುವ ಸನ್ನೆಗೋಲಾಗಿ ಬಳಸುವುದು ಅಲ್ಲಿನ ರಾಜಕೀಯ. ಕರ್ಣ ಒಪ್ಪುವುದಿಲ್ಲ. ಆಗ ಅವನು ನೆನೆಯುವ ಪ್ರಸಂಗ ಒಂದೇ ಪದ್ಯದಲ್ಲಿ ಬಂದುಹೋಗುತ್ತದೆ: ಭಾನುಮತಿಯ ಜೊತೆ ಪಗಡೆ, ಹರಿದ ಮುತ್ತಿನ ಹಾರ, ಅದನ್ನು ಕಂಡೂ ಅನುಮಾನಿಸದ ದುರ್ಯೋಧನ. ಆ ಪದ್ಯದಲ್ಲಿ ಯಾರು ಯಾರೊಡನೆ ಆಡಿದರು, ಏನು ಹರಿಯಿತು ಎಂದು ವಿದ್ವಾಂಸರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಅದು ಹಾಗಿರಲಿ. ನನಗೆ ಮುಖ್ಯವಾಗಿ ಕಾಣುವುದು ದುರ್ಯೋಧನ ಅಲ್ಲಿ ಏನನ್ನೂ ಕೇಳುವುದಿಲ್ಲ ಎಂಬುದು. ಕೆಟ್ಟವನೆಂದು ನಾವು ಬರೆದಿಟ್ಟವನು ಗೆಳೆಯನಿಂದ ವಿವರಣೆ ಕೇಳದೆ ಸುಮ್ಮನಿದ್ದ. ಹೆಸರು ಕೇಳಿದ ಮೆಸ್ಸಾಲನ ಪಕ್ಕ ಇವನನ್ನು ಇಟ್ಟು ನೋಡಿ.

ಇನ್ನು ಚರಿತ್ರೆ. ದೇವನಹಳ್ಳಿಯವರಿಗೆ ದ್ರೋಹ ಎಂದ ಕೂಡಲೇ ನೆನಪಾಗುವುದು ಮೀರ್ ಸಾದಿಕ್. ಟಿಪ್ಪು ಹುಟ್ಟಿದ ಊರಲ್ಲವೇ ನಮ್ಮದು. ಆದರೆ ಮೀರ್ ಸಾದಿಕ್ ಜನರ ಬಾಯಲ್ಲಿ ಬೈಗುಳವಾಗಿ ಉಳಿದಿದ್ದಾನೆ, ಮನುಷ್ಯನಾಗಿ ಉಳಿದಿಲ್ಲ. ಬೈಗುಳವಾದವನ ಮೇಲೆ ಒಳ್ಳೆಯ ಸಿನಿಮಾ ಮಾಡುವುದು ಕಷ್ಟ. ಬಾಗಿಲಲ್ಲಿ ಕಾಲಿಟ್ಟಾಗಲೇ ಅವನ ಮೀಸೆ, ಓರೆನೋಟ, ಹಿನ್ನೆಲೆಯ ವಾದ್ಯ ಎಲ್ಲವೂ ಕಥೆ ಹೇಳಿಬಿಡುತ್ತವೆ.

ನಿಜವಾಗಿ ನಮ್ಮ 'ಬೆನ್ ಹರ್' ಇರುವುದು ವಿಜಯನಗರದಲ್ಲಿ. ಕೃಷ್ಣದೇವರಾಯ ಮತ್ತು ತಿಮ್ಮರಸು. ಕುದುರೆ ವ್ಯಾಪಾರಕ್ಕೆ ಬಂದು 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಫೆರ್ನಾವೊ ನೂನಿಜ್ ಬರೆದಿಟ್ಟ ಕಥೆ ಇದು. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಸಾಯುವ ಹೊತ್ತಿನಲ್ಲಿ ಅಣ್ಣನಾದ ರಾಜ, ತನ್ನ ಪುಟ್ಟ ಮಗನಿಗೆ ಪಟ್ಟವಾಗಲೆಂದು, ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಲು ಮಂತ್ರಿಗೆ ಆಜ್ಞೆ ಮಾಡುತ್ತಾನೆ. ತಿಮ್ಮರಸು ಮೇಕೆಯ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣರಾಯನನ್ನು ಉಳಿಸುತ್ತಾನೆ, ಸಿಂಹಾಸನದ ಮೇಲೆ ಕೂರಿಸುತ್ತಾನೆ. ಎಷ್ಟೋ ವರ್ಷಗಳ ಮೇಲೆ ರಾಯ ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟುತ್ತಾನೆ. ಮಗು ಸಾಯುತ್ತದೆ. ತಿಮ್ಮರಸುವಿನ ಮಗ ವಿಷವಿಟ್ಟ ಎಂಬ ಮಾತು ರಾಯನ ಕಿವಿಗೆ ಬೀಳುತ್ತದೆ. ತಂದೆ ಮಕ್ಕಳು ಸೆರೆಗೆ ಹೋಗುತ್ತಾರೆ. ಕೊನೆಗೆ ಆ ಮುದುಕನ ಕಣ್ಣು ಕೀಳಿಸಲಾಗುತ್ತದೆ. ಕಣ್ಣು ಉಳಿಸಿದವನ ಕಣ್ಣು. ಯಾವ ಚಿತ್ರಕಥೆಗಾರನೂ ಇದಕ್ಕಿಂತ ಹೆಚ್ಚು ಕಟ್ಟಲಾರ. ಇಲ್ಲೂ ಒಂದು ಹೆಸರಿದೆ: ರಾಯ ಮಂತ್ರಿಯನ್ನು ಕರೆಯುತ್ತಿದ್ದದ್ದು ಅಪ್ಪಾಜಿ ಎಂದು.

ತೆಲುಗಿನಲ್ಲಿ 1962ರಲ್ಲಿ 'ಮಹಾಮಂತ್ರಿ ತಿಮ್ಮರುಸು' ಬಂತು. ಎನ್.ಟಿ. ರಾಮರಾವ್ ರಾಯ, ಗುಮ್ಮಡಿ ಮಂತ್ರಿ. ಕನ್ನಡದಲ್ಲಿ 1970ರಲ್ಲಿ ಬಿ.ಆರ್. ಪಂತುಲು 'ಶ್ರೀ ಕೃಷ್ಣದೇವರಾಯ' ಮಾಡಿದರು. ರಾಜ್‌ಕುಮಾರ್ ರಾಯನಾದರೆ ತಿಮ್ಮರಸುವಿನ ಪಾತ್ರವನ್ನು ನಿರ್ದೇಶಕರು ತಾವೇ ವಹಿಸಿದರು. ದೊರೆಯ ಹೆಸರಿನ ಸಿನಿಮಾದಲ್ಲಿ ಮಂತ್ರಿಯ ಪಾತ್ರವನ್ನು ತನಗಾಗಿ ಇಟ್ಟುಕೊಂಡ ನಿರ್ದೇಶಕನಿಗೆ ಕಥೆಯ ಭಾರ ಎಲ್ಲಿದೆ ಎಂದು ಗೊತ್ತಿತ್ತು ಎಂದೇ ನನ್ನ ಭಾವನೆ. ಆದರೆ ನಮ್ಮ ಚಾರಿತ್ರಿಕ ಚಿತ್ರಗಳಿಗೆಲ್ಲ ಒಂದು ಚಾಳಿ ಇದೆ. ಇಬ್ಬರು ಆಪ್ತರ ನಡುವೆ ಬಿರುಕು ಬರಬೇಕಾದರೆ ಮೂರನೆಯವನೊಬ್ಬ ಬೇಕು, ಪಿತೂರಿ ಬೇಕು, ಗುಟ್ಟಿನ ಓಲೆ ಬೇಕು. ಹಾಗಾದಾಗ ರಾಯನೂ ನಿರಪರಾಧಿ, ತಿಮ್ಮರಸುವೂ ನಿರಪರಾಧಿ, ತಪ್ಪು ಪಿತೂರಿಗಾರನದ್ದು. ಪ್ರೇಕ್ಷಕ ಕಣ್ಣೊರೆಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗಬಹುದು. ನೂನಿಜ್‌ನ ಒಣ ಬರಹದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಒಬ್ಬ ದೊರೆ ಒಂದು ಮಾತನ್ನು ಕೇಳುತ್ತಾನೆ, ನಂಬುತ್ತಾನೆ, ಅಷ್ಟೇ. ಹತ್ತಿರವಿದ್ದವನನ್ನು ಕರೆದು 'ಅಪ್ಪಾಜಿ, ನಿಜವೇ?' ಎಂದು ಕೇಳಿದನೋ ಇಲ್ಲವೋ ಯಾರಿಗೂ ತಿಳಿಯದು. ವೈಲರ್ ಕೂಡ ಕೊನೆಗೆ ಇದನ್ನೇ ಮಾಡಿದರು, ಆದರೆ ಅವರು ಮೂರನೆಯವನ ಜಾಗದಲ್ಲಿ ರೋಮ್ ಎಂಬ ಸಾಮ್ರಾಜ್ಯವನ್ನು ತಂದು ನಿಲ್ಲಿಸಿದರು. ಮೂರನೆಯವನು ಒಬ್ಬ ಮನುಷ್ಯನಾದರೇನು, ಸಾಮ್ರಾಜ್ಯವಾದರೇನು?

ಈಗ ಆ ಹುಡುಗನ ಪ್ರಶ್ನೆಗೆ ನನಗೆ ಉತ್ತರ ಹೊರಡದ ಕಾರಣ.

2008ರಲ್ಲಿ ವಿಮಾನ ನಿಲ್ದಾಣ ಶುರುವಾಗುವ ಮುಂಚಿನ ವರ್ಷಗಳನ್ನು ಈ ಕಡೆಯವರು ಮರೆಯಲಾರರು. ರಾಗಿ ಹೊಲ, ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟ ಎಲ್ಲಕ್ಕೂ ರಾತ್ರೋರಾತ್ರಿ ಬೆಲೆ ಬಂತು. ಶಾಲೆಯಲ್ಲಿ ನನ್ನ ಪಕ್ಕ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ಬೆಂಗಳೂರಿಗೆ ಹೋಗಿದ್ದವನು ಒಂದು ದಿನ ಬಿಳಿ ಕಾರಿನಲ್ಲಿ ಬಂದಿಳಿದ. ತಬ್ಬಿಕೊಂಡೆವು. ನಮ್ಮಮ್ಮ ಮುದ್ದೆ, ಬಸ್ಸಾರು ಮಾಡಿ ಬಡಿಸಿದರು. ಉಂಡ ಮೇಲೆ ಅವನು ಹೇಳಿದ: "ಲೋ, ನಿಂಗೆ ಊರೆಲ್ಲಾ ಗೊತ್ತು. ಯಾರ್ಯಾರಿಗೆ ಸಾಲ ಐತೆ, ಯಾರ ಮನೇಲಿ ಮದುವೆ ಐತೆ, ಯಾರು ಕೊಡೋಕೆ ರೆಡಿ ಅವ್ರೆ, ಒಂದ್ ನಾಲ್ಕು ಹೆಸರು ಹೇಳಪ್ಪ ಸಾಕು. ನಾನೇನು ಯಾರ ಕತ್ತೂ ಹಿಸುಕಲ್ಲ."

ಕತ್ತು ಹಿಸುಕುವವನಲ್ಲ ಅವನು, ನಿಜ. ನಾನು ಎರಡು ಹೆಸರು ಹೇಳಿದೆ.

ಅದು ಅಪರಾಧವಲ್ಲ. ಯಾರನ್ನೂ ಯಾವ ಹಡಗಿಗೂ ಕಳಿಸಲಿಲ್ಲ. ಒಂದು ಮನೆಯವರು ಮಾರಿದರು, ಆಗಿನ ಬೆಲೆಗೆ. ಎರಡೇ ವರ್ಷಕ್ಕೆ ಅದು ಎಷ್ಟೋ ಪಟ್ಟಾಯಿತು. ಇನ್ನೊಂದು ಮನೆಯ ಯಜಮಾನ ಮಾರಲಿಲ್ಲ, ಆದರೆ ಅವನ ಸಾಲದ ಸುದ್ದಿ ಹೊರಗೆ ಹೇಗೆ ಹೋಯಿತು ಎಂದು ಬಹಳ ದಿನ ಊರಲ್ಲಿ ಕೇಳುತ್ತಿದ್ದ. ನನ್ನನ್ನೂ ಕೇಳಿದ. ಗೊತ್ತಿಲ್ಲಣ್ಣ ಅಂದೆ.

ಮೆಸ್ಸಾಲನಿಗೆ ಜೂಡಾ ಹೇಳುವ ಮಾತಿನ ತಿರುಳು ಇದು: ಹೆಸರು ಕೊಟ್ಟರೆ ನಿನ್ನ ಗೆಳೆತನ ಉಳಿಯುತ್ತದೆ, ಆದರೆ ಉಳಿಸಿಕೊಂಡ ನಾನು ಯಾರಾಗಿರುತ್ತೇನೆ? ನನ್ನ ಗೆಳೆತನ ಉಳಿಯಿತು. ಅವನು ಈಗಲೂ ಹಬ್ಬಕ್ಕೆ ಬರುತ್ತಾನೆ. ಅಮ್ಮ ತೀರಿಕೊಂಡಾಗ ಮೊದಲು ಬಂದು ಹೆಗಲು ಕೊಟ್ಟವನು ಅವನೇ. ಹಾಗಾಗಿ 'ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು' ಎಂದು ಆ ಹುಡುಗ ಕೇಳಿದಾಗ ಏನೂ ಆಗುತ್ತಿರಲಿಲ್ಲ ಎನ್ನುವ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಕಾಲ ಹಾಗಿತ್ತು, ವಿಮ್ಮಾನ ಬಂತು, ಸರ್ಕಾರ ಬಂತು, ದುಡ್ಡು ಬಂತು ಎಂದು ನಾನೂ ಜೂಡಾನ ಕೊನೆಯ ಮಾತಿನ ಹಾಗೆ ರೋಮಿನ ಮೇಲೆ ಹೊರಿಸಬಹುದು. ಹೊರಿಸಿಕೊಂಡೇ ಇದ್ದೆ.

ಹುಡುಗರಿಗೆ ಈ ವಿಷಯ ದೂರದ್ದಲ್ಲ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 1777 ಎಕರೆಯ ಭೂಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವ ಹಾಗೆ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅಂಥ ಹೋರಾಟದಲ್ಲಿ ಯಾರು ಗಟ್ಟಿ, ಯಾರು ಸಡಿಲ ಎಂಬ ಪಟ್ಟಿಗೆ ಎಷ್ಟು ಬೆಲೆ ಇರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯ ಶನಿವಾರ ಅದೇ ಹುಡುಗ ತಾನೇ ಹೇಳಿದ: "ಸಾರ್, ಅವ್ನು ಹೆಸರು ಕೇಳೋಕ್ಕಿಂತ ಮುಂಚೆ ಕುದುರೆ ಇಸ್ಕೊಂಡ್ಬಿಟ್ನಲ್ಲ, ಅದು ಸರಿ ಇಲ್ಲ." ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಇರಲಿಲ್ಲ. ಉಡುಗೊರೆ ಕೊಟ್ಟವನ ಹತ್ತಿರ ಲೆಕ್ಕವಿರಲಿಲ್ಲ, ಪಡೆದವನ ಹತ್ತಿರ ಇತ್ತು. ನಮ್ಮ ಮನೆಯಲ್ಲಿ ಮುದ್ದೆ ಉಂಡ ಮೇಲೆ ಮಾತು ತೆಗೆದವನ ನೆನಪಾಯಿತು. ಆದರೆ ಆವತ್ತು ಕೇಳಿದವನು ಅವನು, ಹೇಳಿದವನು ನಾನು.

ಮುಂದಿನ ತಿಂಗಳು ಪಂತುಲು ಅವರ 'ಶ್ರೀ ಕೃಷ್ಣದೇವರಾಯ' ತೋರಿಸಬೇಕೆಂದಿದ್ದೇವೆ. ನೂನಿಜ್‌ನ ಆ ನಾಲ್ಕು ಪುಟಗಳನ್ನು ಕನ್ನಡಕ್ಕೆ ಮಾಡಿ ಹುಡುಗರಿಗೆ ಮೊದಲೇ ಕೊಟ್ಟಿದ್ದೇನೆ, ಸಿನಿಮಾ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂದು ಅವರೇ ಗುರುತು ಹಾಕಿಕೊಳ್ಳಲಿ. ಗೆಳೆಯನಿಗೂ ಫೋನ್ ಮಾಡಿ ಹೇಳಿದೆ. ರಾಜ್‌ಕುಮಾರ್ ಪಿಕ್ಚರ್ ಅಂದ ಕೂಡಲೇ ಬರ್ತೀನಿ ಅಂದ. ಆ ಎರಡನೆಯ ಮನೆಯ ಯಜಮಾನನಿಗೂ ಹೇಳಿದ್ದೇನೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕು.